ಹೊಡೆಯುವ ಕೂಸು, ಹೊಡೆಯದ ಮೇಷ್ಟ್ರು

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಹೊಸದಾಗಿ ಶುರುವಾಗಿದ್ದ ಶಿಶುಶಾಲೆಗೆ, ಹತ್ತಿ ಗಿರಣಿ ನಡೆಸುತ್ತಿದ್ದ ರಾಬರ್ಟ್ ಓವನ್ ಒಂದು ದಿನ ಹೇಳದೆ ಕೇಳದೆ ಹೋದರು. ಒಳಗೆ ಕಾಲಿಟ್ಟರೆ, ಮೇಷ್ಟ್ರ ಹೆಂಡತಿ ಚಾವಟಿ ಝಳಪಿಸುತ್ತ ಚಿಳ್ಳೆಪಿಳ್ಳೆಗಳನ್ನು ಹೆದರಿಸುತ್ತಿದ್ದರು. ಮೇಷ್ಟ್ರು ಕೋಣೆಯ ಇನ್ನೊಂದು ಕಡೆ ಇದ್ದೂ ಇಲ್ಲದಂತಿದ್ದರು. ಓವನ್ ಕಣ್ಣಿಗೆ ಬಿದ್ದೊಡನೆ ಚಾವಟಿಯನ್ನು ಬಚ್ಚಿಡುವ ಪ್ರಯತ್ನವೂ ನಡೆಯಿತು. 1857ರಲ್ಲಿ ಬಂದ ಆತ್ಮಕಥೆಯಲ್ಲಿ ಓವನ್ ಈ ಪ್ರಸಂಗವನ್ನು ಬರೆದಿದ್ದಾರೆ. ಆ ಮೇಷ್ಟ್ರು ಜೇಮ್ಸ್ ಬುಕ್ಯಾನನ್, ಬೇರೆ ಯಾರೂ ಅಲ್ಲ, ಓವನ್ ತಾವೇ ಆರಿಸಿ ತಯಾರು ಮಾಡಿದ್ದ ವ್ಯಕ್ತಿ. ಮಕ್ಕಳ ಮೇಲೆ ಯಾವ ಕಾರಣಕ್ಕೂ ಕೈ ಮಾಡಬಾರದು ಎಂಬುದು ಅವರಿಗೆ ಕೊಟ್ಟಿದ್ದ ಮೊದಲ ಪಾಠವಾಗಿತ್ತು.

ಆ ಪಾಠ ಹುಟ್ಟಿದ್ದು ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್‌ನಲ್ಲಿ. ಕ್ಲೈಡ್ ನದಿಯ ದಡದಲ್ಲಿದ್ದ ಹತ್ತಿ ಗಿರಣಿಯ ಉಸ್ತುವಾರಿಯನ್ನು ಓವನ್ 1800ರ ಜನವರಿಯಲ್ಲಿ ವಹಿಸಿಕೊಂಡರು. ಹತ್ತು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದರು. ಆದರೆ ಅಪ್ಪ ಅಮ್ಮ ಇಬ್ಬರೂ ಗಿರಣಿಗೆ ಹೋದರೆ ಮನೆಯಲ್ಲಿ ಉಳಿದ ಕೂಸುಗಳ ಗತಿಯೇನು? ಇದಕ್ಕೆ ಉತ್ತರವಾಗಿ 1816ರ ಜನವರಿ 1ರಂದು ಅಲ್ಲಿ ಒಂದು ವಿದ್ಯಾಸಂಸ್ಥೆ ತೆರೆಯಿತು. ನಡೆಯಲು ಕಲಿತ ಮಗುವಿಗೂ ಅದರಲ್ಲಿ ಜಾಗವಿತ್ತು. ನೋಡಿಕೊಳ್ಳಲು ನೇಮಕವಾದವರು ಇಬ್ಬರು: ನೇಕಾರಿಕೆ ಮಾಡುತ್ತಿದ್ದ ಬುಕ್ಯಾನನ್, ಮತ್ತು ಗಿರಣಿಯಲ್ಲಿ ಕೆಲಸಕ್ಕಿದ್ದ ಹದಿನೇಳರ ಹುಡುಗಿ ಮಾಲಿ ಯಂಗ್. ಇಬ್ಬರಿಗೂ ಹೇಳಿಕೊಳ್ಳುವಂಥ ಓದಿರಲಿಲ್ಲ. ಮಕ್ಕಳೆಂದರೆ ಜೀವ, ತಾಳ್ಮೆ ಧಾರಾಳ. ಓವನ್‌ಗೆ ಬೇಕಾಗಿದ್ದೂ ಅಷ್ಟೇ. ಹೊಡೆಯಬಾರದು, ಗದರಬಾರದು, ಬೈಗುಳ ಬಾಯಿಗೆ ಬರಬಾರದು ಎಂಬ ನಿಯಮ ದೊಡ್ಡವರಿಗೆ. ಜೊತೆಯವರಿಗೆ ನೋವು ಮಾಡಬಾರದು, ಅವರನ್ನು ಖುಷಿಯಾಗಿಡಲು ಆದದ್ದನ್ನೆಲ್ಲ ಮಾಡಬೇಕು ಎಂಬ ಒಂದೇ ಮಾತು ಮಕ್ಕಳಿಗೆ. ಆಟದ ಬಯಲಿಗೆ ಹೊಸದಾಗಿ ಬಂದ ಪ್ರತಿ ಮಗುವಿಗೂ ಅದನ್ನು ಹೇಳಬೇಕಿತ್ತು. ಆ ಮಾತನ್ನು ನಾಲ್ಕೈದರ ಮಕ್ಕಳು ತಮಗಿಂತ ಚಿಕ್ಕವರಿಗೆ ದಾಟಿಸಬೇಕಿತ್ತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಎರಡು ವರ್ಷದ ಮಗು ಕಚ್ಚುವುದು, ಪರಚುವುದು, ಕೂದಲು ಜಗ್ಗುವುದು ಮನುಷ್ಯರಷ್ಟೇ ಹಳೆಯದು. ಆದರೆ ಎರಡು ವರ್ಷದ ಇಪ್ಪತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ದಿನವಿಡೀ ಬಿಡುವುದು ಗಿರಣಿಗಳು ತಂದ ಹೊಸ ಪದ್ಧತಿ. ಒಟ್ಟು ಕುಟುಂಬದ ಜಗಲಿಯಲ್ಲಿ ಕೂಸಿನ ಸುತ್ತ ಇರುತ್ತಿದ್ದವರು ಅಜ್ಜಿ, ಅತ್ತೆ, ಎಂಟು ಹತ್ತು ವರ್ಷದ ಅಕ್ಕ. ಕೂಸು ಕೈಯೆತ್ತಿದರೆ ಹಿಡಿಯುವವರಿದ್ದರು, ಸೋತಂತೆ ನಟಿಸುವವರಿದ್ದರು, ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಕರು ತೋರಿಸುವವರಿದ್ದರು. ಓರಗೆಯ ಎದುರಾಳಿ ಸಿಗುತ್ತಿದ್ದದ್ದು ಅಪರೂಪ. ಒಂದೇ ಬೊಂಬೆಗೆ ಆರು ಕೈಗಳು ಚಾಚುವ ಕೋಣೆ ಹುಟ್ಟಿದ ಮೇಲೆ ಜಗಳವೂ ದಿನಚರಿಯ ಭಾಗವಾಯಿತು. ಅದನ್ನು ಬಗೆಹರಿಸುವುದು ಸಂಬಳ ಪಡೆಯುವ ಒಬ್ಬರ ಕೆಲಸವಾಯಿತು.

ಕನ್ನಡ ನಾಡಿನ ಹಳೆಯ ಕಾಲದ ಶಾಲೆಗಳಾದ ಕೂಲಿಮಠಗಳಲ್ಲಿ ಶಿಕ್ಷೆಗೆ ಬರವಿರಲಿಲ್ಲ. ಬಸ್ಕಿ, ಛಡಿಯೇಟು, ಬಗ್ಗಿ ನಿಂತವನ ಬೆನ್ನ ಮೇಲೆ ಕಲ್ಲು ಇವೆಲ್ಲ ಸಾಮಾನ್ಯ. ಇದಕ್ಕಿಂತ ಹೆದರಿಕೆ ಹುಟ್ಟಿಸುತ್ತಿದ್ದದ್ದು ಕೋದಂಡ: ತೊಲೆಗೆ ಕಟ್ಟಿದ ಹಗ್ಗಕ್ಕೆ ಹುಡುಗ ಜೋತು ಬೀಳಬೇಕು, ಕೈ ಸೋತರೂ ಬಿಡುವಂತಿಲ್ಲ. ಆದರೆ ಮಠದ ಐಗಳ ಮುಂದೆ ಕೂರುತ್ತಿದ್ದವರು ಅಕ್ಷರ ತಿದ್ದುವ ವಯಸ್ಸಿನವರು. ಹಾಲುಹಲ್ಲು ಮೂಡುತ್ತಿರುವ ಕೂಸಿನ ಗುಂಪನ್ನು ಹೇಗೆ ಸಂಭಾಳಿಸಬೇಕು ಎಂಬ ಪ್ರಶ್ನೆ ಅವರ ಮುಂದೆ ಬರಲೇ ಇಲ್ಲ. ಆ ಪ್ರಶ್ನೆಯನ್ನು ಮೊದಲು ಎದುರಿಸಿದ್ದು ಯುರೋಪಿನ ಗಿರಣಿ ಊರುಗಳು.

ಬುಕ್ಯಾನನ್ ನಂತರ ಲಂಡನ್ನಿನಲ್ಲಿ ಹೆಸರು ಮಾಡಿದವರು ಸ್ಯಾಮ್ಯುಯೆಲ್ ವಿಲ್ಡರ್‌ಸ್ಪಿನ್. 1820ರಲ್ಲಿ ಸ್ಪಿಟಲ್‌ಫೀಲ್ಡ್ಸ್‌ನ ಬಡ ಬಡಾವಣೆಯಲ್ಲಿ ಶಿಶುಶಾಲೆ ತೆರೆದ ಮೊದಲ ದಿನ ಮಕ್ಕಳೆಲ್ಲ ಒಟ್ಟಿಗೆ ಅಮ್ಮನಿಗಾಗಿ ರಂಪ ಮಾಡಿದವು. ದಿಕ್ಕು ತೋಚದ ಮೇಷ್ಟ್ರು ಹೆಂಡತಿಯ ಟೋಪಿಯನ್ನು ಕೋಲಿನ ತುದಿಗೆ ಸಿಕ್ಕಿಸಿ ಆಡಿಸಿದರು. ಅಳು ನಿಂತು ನಗು ಶುರುವಾಯಿತು. ಚಿಕ್ಕ ಮಕ್ಕಳ ಕಣ್ಣನ್ನು ಮೊದಲು ಹಿಡಿಯಬೇಕು, ಕಿವಿ ಆಮೇಲೆ ಎಂಬುದು ಅಲ್ಲಿಂದ ಅವರ ಪದ್ಧತಿಯಾಯಿತು. ಶಾಲೆಯ ಬಯಲಿನಲ್ಲಿ ಹಣ್ಣಿನ ಗಿಡ, ಹೂಗಿಡ ನೆಡಿಸಿದರು. ಕೀಳದೆ ಸುಮ್ಮನೆ ನೋಡುವುದು, ಅಂದರೆ ಕೈಯನ್ನು ತಡೆದುಕೊಳ್ಳುವುದು ಅಲ್ಲಿ ಅಭ್ಯಾಸವಾಗಲಿ ಎಂಬುದು ಲೆಕ್ಕಾಚಾರ. ಯಾರಾದರೂ ತಪ್ಪು ಮಾಡಿದರೆ ಪಂಚಾಯಿತಿ ಕೂರಿಸುತ್ತಿದ್ದರು. ಇಡೀ ತರಗತಿಯೇ ನ್ಯಾಯ ಹೇಳಬೇಕು. ಚಾವಟಿ ಕೆಳಗಿಟ್ಟ ಮೇಲೆ ಖಾಲಿಯಾದ ಜಾಗವನ್ನು ತುಂಬಲು ಏನು ಮಾಡಬಹುದು ಎಂಬ ಹುಡುಕಾಟಕ್ಕೆ ಇವು ಮೊದಲ ಗುರುತುಗಳು.

ಪ್ಯಾರಿಸ್ಸಿನಲ್ಲಿ ಫಿರ್ಮಾಂ ಮಾರ್ಬೊ 1844ರಲ್ಲಿ ಕೆಲಸಗಾರ ತಾಯಂದಿರ ಹಸುಗೂಸುಗಳಿಗಾಗಿ ಮೊದಲ ಕ್ರೆಶ್ ತೆರೆದರು. ಜರ್ಮನಿಯಲ್ಲಿ ಫ್ರೊಬೆಲ್ ಕಿಂಡರ್‌ಗಾರ್ಟನ್ ಕಟ್ಟಿದರು. ಆದರೆ ಹೊಡೆದಾಡುವ ಮಗುವನ್ನೇ ಎದುರಿಗಿಟ್ಟುಕೊಂಡು ಯೋಚಿಸಿದ ಮುಖ್ಯ ಹೆಸರು ಮರಿಯಾ ಮಾಂಟೆಸ್ಸೊರಿ. ಅವರ ಮೊದಲ ಮಕ್ಕಳ ಮನೆ 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಬಡಾವಣೆಯಲ್ಲಿ ತೆರೆಯಿತು. ಅದರ ಹಿಂದೆ ಒಂದು ವ್ಯವಹಾರದ ಕಾರಣವೂ ಇತ್ತು. ಹೊಸದಾಗಿ ದುರಸ್ತಿಯಾದ ವಠಾರಗಳಲ್ಲಿ ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಮಕ್ಕಳು ಗೋಡೆಗೆ ಗೀಚಿ ಮೆಟ್ಟಿಲು ಕೆಡಿಸುತ್ತಿದ್ದರು. ಮಕ್ಕಳನ್ನು ಒಂದು ಕಡೆ ಕೂಡಿಹಾಕಿದರೆ ದುರಸ್ತಿಯ ಖರ್ಚು ಉಳಿಯುತ್ತದೆ ಎಂದು ಕಟ್ಟಡಗಳ ಒಡೆತನವಿದ್ದ ಸಂಸ್ಥೆ ಯೋಚಿಸಿತ್ತು.

ಬೇರೆಯವರಿಗೆ ತೊಂದರೆ ಕೊಡುವ ಮಗುವಿಗೆ ಮಾಂಟೆಸ್ಸೊರಿ ಮಾಡಿದ ಏರ್ಪಾಡು ಅವರ 1909ರ ಪುಸ್ತಕದಲ್ಲಿದೆ. ಮೊದಲು ವೈದ್ಯರಿಗೆ ತೋರಿಸಬೇಕು. ಅವರೇ ವೈದ್ಯೆ, ಆದ್ದರಿಂದ ಈ ಹೆಜ್ಜೆ ಅವರಿಗೆ ಸಹಜ. ಕಾಯಿಲೆ ಇಲ್ಲವೆಂದಾದರೆ ಕೋಣೆಯ ಒಂದು ಮೂಲೆಯಲ್ಲಿ ಪುಟ್ಟ ಮೇಜು, ಒರಗಲು ಚಿಕ್ಕ ಕುರ್ಚಿ. ಮುಖ ಗೋಡೆಯ ಕಡೆಗಲ್ಲ, ಕೆಲಸದಲ್ಲಿ ಮುಳುಗಿರುವ ಗೆಳೆಯರ ಕಡೆಗೆ. ಅವನಿಗೆ ಬಲು ಇಷ್ಟವಾದ ಆಟಿಕೆ, ಸಾಮಾನು ಮುಂದೆ. ಟೀಚರ್ ಒಳಬಂದರೆ ಮೊದಲು ಹೋಗುವುದು ಅವನ ಹತ್ತಿರ, ಮೈದಡವುವುದು ಅವನನ್ನೇ. ಹುಷಾರಿಲ್ಲದ ಮಗುವನ್ನು ಹೇಗೆ ನೋಡಿಕೊಳ್ಳುತ್ತಾರೋ ಹಾಗೆ. ಗುಂಪಿನೊಂದಿಗೆ ಇರುವುದರಲ್ಲಿರುವ ಲಾಭ ಕಣ್ಣಾರೆ ಕಂಡ ಮೇಲೆ ಮಗು ತಾನೇ ವಾಪಸ್ ಬರಲು ಆಸೆಪಡುತ್ತದೆ ಎಂಬುದು ಅವರ ಅನುಭವ. ಇನ್ನೊಂದು ಉಪಾಯ ಇದಕ್ಕಿಂತ ಸರಳ: ಪ್ರತಿ ಸಾಮಾನೂ ಕೋಣೆಯಲ್ಲಿ ಒಂದೊಂದೇ. ಬೇಕೆಂದರೆ ಇನ್ನೊಬ್ಬ ಮುಗಿಸಿ ಕಪಾಟಿನಲ್ಲಿಡುವವರೆಗೆ ಕಾಯಲೇಬೇಕು. ಕೇಳಿದ ಕೂಡಲೇ ಕೊಡುವ ಮನೆಯಲ್ಲಿ ಬೆಳೆದ ಮಗುವಿಗೆ ಈ ಕಾಯುವಿಕೆ ದೊಡ್ಡ ಪಾಠ.

1924ರ ಅಕ್ಟೋಬರ್‌ನಲ್ಲಿ ತೆರೆದ ಕೇಂಬ್ರಿಜ್‌ನ ಮಾಲ್ಟಿಂಗ್ ಹೌಸ್ ಶಾಲೆ ಪೂರ್ತಿ ಬೇರೆ ದಾರಿ ಹಿಡಿಯಿತು. ಜೆಫ್ರಿ ಪೈಕ್ ಹಣ ಹಾಕಿದ್ದರು, ಸೂಸನ್ ಐಸಾಕ್ಸ್ ನಡೆಸುತ್ತಿದ್ದರು. ಮೊದಲ ಅವಧಿಯಲ್ಲಿ ಇದ್ದವರು ಹತ್ತು ಹುಡುಗರು. ಮೂರು ತುಂಬದವನಿಂದ ಹಿಡಿದು ಐದಕ್ಕೆ ಸಮೀಪಿಸಿದವನವರೆಗೆ. ಮನೆಯಲ್ಲಿ ಹಿಡಿತಕ್ಕೆ ಸಿಗದವರು ಎಂದು ಅಪ್ಪ ಅಮ್ಮ ತಂದು ಬಿಟ್ಟವರು ಹಲವರು. ಗರಗಸ, ಕೊರೆಯುವ ಯಂತ್ರ, ತೋಟ, ಸಾಕುಪ್ರಾಣಿ ಎಲ್ಲವೂ ಕೈಗೆ ಸಿಗುತ್ತಿತ್ತು. ಶಿಕ್ಷೆ ಇರಲಿಲ್ಲ, ಉಪದೇಶವೂ ಇರಲಿಲ್ಲ. ಮಕ್ಕಳ ಮಾತು, ಜಗಳ, ಉಗುಳಾಟ, ಎಲ್ಲ ಬರವಣಿಗೆಯಲ್ಲಿ ದಾಖಲಾಗುತ್ತಿತ್ತು.

ಆ ದಾಖಲೆಯಿಂದಲೇ 1933ರಲ್ಲಿ ಮಕ್ಕಳ ಸಾಮಾಜಿಕ ಬೆಳವಣಿಗೆಯ ಕುರಿತ ಐಸಾಕ್ಸ್ ಅವರ ದಪ್ಪ ಪುಸ್ತಕ ಬಂತು. ಇಬ್ಬರು ಒಂದಾಗಿ ಮೂರನೆಯವನ ಮೇಲೆ ಬೀಳುವುದು, ಹೊಸದಾಗಿ ಸೇರಿದ ಮಗುವನ್ನು ಎಲ್ಲರೂ ಸೇರಿ ಕಾಡುವುದು, ಟೀಚರ್ ಒಬ್ಬರೇ ಎಂಬ ಕಾರಣಕ್ಕೆ ಅವರ ಗಮನಕ್ಕಾಗಿ ಹೊಡೆದಾಡುವುದು: ಇವನ್ನು ಐಸಾಕ್ಸ್ ಕೆಟ್ಟತನವೆಂದು ಬಗೆಯಲಿಲ್ಲ, ಮರೆಮಾಚಲೂ ಇಲ್ಲ. ಪೂರ್ತಿ ಸ್ವಾತಂತ್ರ್ಯ ಕೊಟ್ಟು ನೋಡಿದ ಅವರು ಕೊನೆಗೆ ಬಂದು ನಿಂತ ನಿಲುವು ಮಾತ್ರ ಕುತೂಹಲಕರ. ತನ್ನ ಸಿಟ್ಟಿಗೆ ಯಾರೂ ಅಡ್ಡ ಬರದಿದ್ದರೆ ಮಗುವಿಗೆ ಖುಷಿಯಾಗುವುದಿಲ್ಲ, ಭಯವಾಗುತ್ತದೆ. ಒಳಗಿನ ಕಡಿವಾಣ ಇನ್ನೂ ಬೆಳೆಯದಿರುವಾಗ ಹೊರಗಿನಿಂದ ಒಬ್ಬರು ಗಟ್ಟಿಯಾಗಿ, ಆದರೆ ಸಿಟ್ಟಿಲ್ಲದೆ ಕೈ ಹಿಡಿಯಲೇಬೇಕು. ನೋವಾಗುವ ಹಂತ ಬಂದರೆ ಅವರು ನಡುವೆ ಬರುತ್ತಿದ್ದರು. 1929ರಿಂದ 1936ರವರೆಗೆ ‘ನರ್ಸರಿ ವರ್ಲ್ಡ್’ ಪತ್ರಿಕೆಯಲ್ಲಿ ಅರ್ಸುಲಾ ವೈಸ್ ಎಂಬ ಹೆಸರಿನಲ್ಲಿ ತಾಯಂದಿರ, ಆಯಾಗಳ ಕಾಗದಗಳಿಗೆ ಉತ್ತರ ಕೊಡುತ್ತಿದ್ದವರೂ ಇವರೇ.

ಅದೇ ಹೊತ್ತಿಗೆ ಅಮೆರಿಕದ ಮಿನ್ನೆಸೋಟದಲ್ಲಿ ಫ್ಲಾರೆನ್ಸ್ ಗುಡ್‌ಇನಫ್ ತಾಯಂದಿರ ಕೈಗೆ ಪುಸ್ತಕ ಕೊಟ್ಟು ಮಗು ಸಿಟ್ಟಿಗೆದ್ದಾಗಲೆಲ್ಲ ಬರೆದಿಡಲು ಹೇಳಿದರು. 45 ಮಕ್ಕಳ 1,878 ಸಿಟ್ಟಿನ ಪ್ರಸಂಗಗಳು ಸಿಕ್ಕವು. 1931ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮನಶ್ಶಾಸ್ತ್ರಕ್ಕಿಂತ ಅಡುಗೆಮನೆಯ ಗಡಿಯಾರ ಹೆಚ್ಚು ಮಾತಾಡಿತು: ಮಧ್ಯಾಹ್ನದ ಮತ್ತು ರಾತ್ರಿಯ ಊಟಕ್ಕೆ ಮುಂಚಿನ ಹೊತ್ತಿನಲ್ಲಿ ರಂಪ ಹೆಚ್ಚು. ನೆಗಡಿ, ಹೊಟ್ಟೆನೋವಿನ ದಿನಗಳಲ್ಲಿ ಇನ್ನೂ ಹೆಚ್ಚು. ವಯಸ್ಸಿನಲ್ಲಿ ನೋಡಿದರೆ ಎರಡನೇ ವರ್ಷದಲ್ಲಿ ತುದಿ ಮುಟ್ಟಿ ಆಮೇಲೆ ಇಳಿಮುಖ.

ಆಮೇಲೆ ಯುದ್ಧ ಬಂತು. ಲಂಡನ್ ಮೇಲೆ ಬಾಂಬುಗಳು ಬೀಳುತ್ತಿದ್ದಾಗ, 1941ರಲ್ಲಿ, ಹ್ಯಾಂಪ್‌ಸ್ಟೆಡ್‌ನ ವೆಡರ್‌ಬರ್ನ್ ರಸ್ತೆಯಲ್ಲಿ ಆನಾ ಫ್ರಾಯ್ಡ್ ಮತ್ತು ಡೊರತಿ ಬರ್ಲಿಂಗ್‌ಹ್ಯಾಮ್ ಮನೆಮಾರು ಕಳೆದುಕೊಂಡ ಮಕ್ಕಳಿಗಾಗಿ ಶಿಶುಗೃಹ ತೆರೆದರು. ಅದು ಬೆಳೆದು ಮೂರು ಮನೆಗಳಾಯಿತು. ಹಣ ಅಮೆರಿಕದ ದಾನಿಗಳದು. ಅಲ್ಲಿ ಕೂಸುಗಳು ಕಿತ್ತುಕೊಳ್ಳುವುದು, ನೂಕುವುದು, ಕಚ್ಚುವುದು ದಿನಕ್ಕೆ ಎಷ್ಟು ಸಲವೋ. ಇಡೀ ಗುಂಪನ್ನು ಎಲ್ಲರೂ ಸೇರಿ ನೋಡಿಕೊಳ್ಳುವ ಪದ್ಧತಿಯನ್ನು ಅವರು ಬಿಟ್ಟರು. ನಾಲ್ಕೈದು ಮಕ್ಕಳಿಗೆ ಒಬ್ಬ ಆರೈಕೆಗಾರ್ತಿಯಂತೆ ಚಿಕ್ಕ ಚಿಕ್ಕ ‘ಕುಟುಂಬ’ ಮಾಡಿದರು.

ಮೊದಲ ಪರಿಣಾಮ ತಲೆಕೆಳಗಾಗಿತ್ತು. ಜಗಳ ಕಡಿಮೆಯಾಗುವ ಬದಲು ಹೆಚ್ಚಾಯಿತು. ‘ನನ್ನ’ ಆಂಟಿಯ ತೊಡೆಯ ಮೇಲೆ ಇನ್ನೊಂದು ಮಗು ಕೂತರೆ ಅಳು, ಹೊಡೆತ, ಹೊಟ್ಟೆಕಿಚ್ಚು. ದಿನ ಕಳೆದಂತೆ ಈ ಆಂಟಿ ಎಲ್ಲೂ ಹೋಗುವುದಿಲ್ಲ ಎಂಬ ನಂಬಿಕೆ ಕುದುರಿತು. ಆಮೇಲೆ ಗದ್ದಲ ತಗ್ಗಿತು. ಮಾತು, ಊಟ, ಶೌಚದ ಅಭ್ಯಾಸಗಳೂ ಸುಧಾರಿಸಿದವು. ಹೊಡೆಯುವ ಮಗುವಿಗೆ ಬೇಕಾದದ್ದು ಹೊಸ ಶಿಕ್ಷೆಯೂ ಅಲ್ಲ, ಹೊಸ ಆಟಿಕೆಯೂ ಅಲ್ಲ, ದಿನವೂ ಅದೇ ಮುಖ ಎಂಬುದನ್ನು ಹ್ಯಾಂಪ್‌ಸ್ಟೆಡ್ ತೋರಿಸಿಕೊಟ್ಟಿತು. ಆದರೆ ಈ ಮದ್ದು ಅಗ್ಗದ್ದಲ್ಲ. ಎಂಬತ್ತು ಮಕ್ಕಳಿಗೆ ಎಷ್ಟು ಜನ ಬೇಕು ಎಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು.

1961ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರ್ಸರಿಯ 72 ಮಕ್ಕಳ ಮುಂದೆ ಆಲ್ಬರ್ಟ್ ಬಂಡುರಾ ಮತ್ತು ಸಂಗಡಿಗರು ಗಾಳಿ ತುಂಬಿದ ಬೊಂಬೆಯೊಂದನ್ನು ಇಟ್ಟರು. ದೊಡ್ಡವರು ಅದನ್ನು ಗುದ್ದಿ, ಸುತ್ತಿಗೆಯಲ್ಲಿ ಬಡಿದು ತೋರಿಸಿದ್ದನ್ನು ನೋಡಿದ ಮಕ್ಕಳು ಆಮೇಲೆ ಅದೇ ಬೊಂಬೆಗೆ ಅದೇ ರೀತಿ ಗುದ್ದಿದರು, ಅದೇ ಮಾತುಗಳನ್ನೂ ಆಡಿದರು. ಹೊಡೆದು ಬುದ್ಧಿ ಕಲಿಸುವ ಪದ್ಧತಿಗೆ ಇದು ದೊಡ್ಡ ಪೆಟ್ಟು. ನಾಲ್ಕು ವರ್ಷದ ಬಳಿಕ ಪಾಲ್ ಬ್ರೌನ್ ಮತ್ತು ರಾಜರ್ಸ್ ಎಲಿಯಟ್ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಮೂರು ನಾಲ್ಕು ವರ್ಷದ 27 ಹುಡುಗರಿದ್ದ ನರ್ಸರಿ ತರಗತಿಯಲ್ಲಿ ಟೀಚರ್‌ಗಳು ಹೊಡೆದಾಟವನ್ನು ಆದಷ್ಟು ಲೆಕ್ಕಿಸದೆ, ಹಂಚಿಕೊಂಡು ಆಡುವಾಗ ಮಾತ್ರ ಹತ್ತಿರ ಹೋಗಿ ಮೆಚ್ಚಿದರು. ಹೊಡೆದಾಟ ಇಳಿಯಿತು. ಬೈಯುವುದೂ ಗಮನವೇ, ಮಗುವಿಗೆ ಅದೂ ಬೇಕಾಗಿರಬಹುದು ಎಂಬುದು ಇದರ ತಿರುಳು.

ಇದೇ ಕಾಲದಲ್ಲಿ ‘ಟೈಮ್ ಔಟ್’ ಚಾಲ್ತಿಗೆ ಬಂತು. ಪ್ರಾಣಿಗಳ ಮೇಲೆ ನಡೆಸುವ ಪ್ರಯೋಗಗಳಲ್ಲಿ ಬಹುಮಾನ ಸಿಗದ ಬಿಡುವನ್ನು ಹೀಗೆ ಕರೆಯುತ್ತಿದ್ದರು. ಮನಶ್ಶಾಸ್ತ್ರಜ್ಞ ಆರ್ಥರ್ ಸ್ಟಾಟ್ಸ್ ಅದನ್ನು ತಮ್ಮ ಪುಟ್ಟ ಮಗಳ ಹಟಕ್ಕೆ ಅನ್ವಯಿಸಿದರು. ಕೆಲವು ನಿಮಿಷ ಗಮನ ಸಿಗದ ಜಾಗ, ಅಷ್ಟೇ. ಅವಮಾನ ಅದರ ಭಾಗವಾಗಿರಲಿಲ್ಲ. ನಮ್ಮ ಕಡೆ ಅದು ಬಂದದ್ದೇ ತಡ, ಮೂಲೆಗೆ ನಿಲ್ಲಿಸುವ ಹಳೆಯ ಶಿಕ್ಷೆಗೆ ಹೊಸ ಹೆಸರಾಗಿಬಿಟ್ಟಿತು. ಮುಖ ಗೋಡೆಗೆ, ಬೆನ್ನು ಗೆಳೆಯರಿಗೆ.

ಕಳೆದ ಶತಮಾನದ ಕೊನೆಗೆ ಪ್ರಶ್ನೆ ಇನ್ನೊಂದು ರೂಪ ತಾಳಿತು: ಡೇ ಕೇರ್‌ಗೆ ಹೋಗುವುದರಿಂದಲೇ ಮಕ್ಕಳು ಜಗಳಗಂಟರಾಗುತ್ತಾರೆಯೇ? ಅಮೆರಿಕದಲ್ಲಿ 1991ರಲ್ಲಿ ಶುರುವಾದ ಸರ್ಕಾರಿ ಅಧ್ಯಯನ 1,364 ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿತು. ಮನೆಯ ಹೊರಗಿನ ಆರೈಕೆಯಲ್ಲಿ ಹೆಚ್ಚು ಗಂಟೆ ಕಳೆದವರಲ್ಲಿ ಮಾತು ಕೇಳದಿರುವುದು, ಕೈ ಮಾಡುವುದು ತುಸು ಹೆಚ್ಚು ಕಂಡಿತು. ಆದರೆ ಬಹುಪಾಲು ಮಕ್ಕಳಲ್ಲಿ ಅದು ಆ ವಯಸ್ಸಿಗೆ ಸಹಜವಾದ ಮಿತಿಯೊಳಗೇ ಇತ್ತು. ಮನೆಯ ವಾತಾವರಣದ ಪ್ರಭಾವ ಅದಕ್ಕಿಂತ ದೊಡ್ಡದಾಗಿತ್ತು. ಕೆನಡಾದ ರಿಚರ್ಡ್ ಟ್ರೆಂಬ್ಲೆ ಸಾವಿರಾರು ಮಕ್ಕಳ ಬೆಳವಣಿಗೆಯನ್ನು ನೋಡಿ ಹೇಳಿದ್ದೂ ಗುಡ್‌ಇನಫ್ ಕಂಡದ್ದಕ್ಕೆ ದೂರವಲ್ಲ: ಮನುಷ್ಯ ಬದುಕಿನಲ್ಲಿ ಅತಿ ಹೆಚ್ಚು ಕೈ ಮಾಡುವುದು ಎರಡರಿಂದ ನಾಲ್ಕರ ನಡುವೆ. ಹೊಡೆಯುವುದನ್ನು ಮಗು ಹೊಸದಾಗಿ ಕಲಿಯುವುದಿಲ್ಲ, ಹೊಡೆಯದಿರುವುದನ್ನು ಕಲಿಯುತ್ತದೆ.

ಹೊಡೆಯದೆ ಕಲಿಸುವ ವಿಚಾರವನ್ನು ಭಾರತದ ನೆಲಕ್ಕೆ ಒಗ್ಗಿಸಿದ ಮೊದಲಿಗರಲ್ಲಿ ಒಬ್ಬರು ಗುಜರಾತಿನ ಗಿಜುಭಾಯಿ ಬಧೇಕಾ. ವಕೀಲಿಕೆ ಬಿಟ್ಟು ಬಂದ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಬೆತ್ತಕ್ಕೆ ಅಲ್ಲಿ ಜಾಗವಿರಲಿಲ್ಲ. ಕಥೆ, ನಾಟಕ, ಆಟಕ್ಕಿತ್ತು. ‘ಮೀಸೆಯ ಅಮ್ಮ’ ಎಂಬರ್ಥದ ಹೆಸರೂ ಅವರಿಗೆ ಬಂತು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮುಂಬಯಿಯ ಉತ್ತರಕ್ಕಿರುವ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಕೇಂದ್ರ ಶುರು ಮಾಡಿದರು. ಅನುತಾಯಿ ವಾಘ್ ಅವರಿಗೆ ಜೊತೆಯಾದರು. ಬಡವರ ಕೇರಿಯ ಮಕ್ಕಳು ಬಾಲವಾಡಿಗೆ ಬರದಿದ್ದಾಗ ಬಾಲವಾಡಿಯನ್ನೇ ಅವರ ಅಂಗಳಕ್ಕೆ ಒಯ್ದರು. ಈ ನಡುವೆ 1939ರಲ್ಲಿ ಮಾಂಟೆಸ್ಸೊರಿಯವರೇ ಮದ್ರಾಸಿನ ಅಡ್ಯಾರಿಗೆ ಬಂದಿಳಿದು, ಯುದ್ಧದಿಂದಾಗಿ ವರ್ಷಗಟ್ಟಲೆ ಇಲ್ಲೇ ಉಳಿದು, ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು.

ಕಾನೂನು ಹಿಂದಿನಿಂದ ಬಂತು. 1948ರ ಕಾರ್ಖಾನೆ ಕಾಯ್ದೆ ಮಹಿಳಾ ಕಾರ್ಮಿಕರು ಹೆಚ್ಚಿರುವಲ್ಲಿ ಶಿಶುಗೃಹ ಕಡ್ಡಾಯ ಮಾಡಿತು. ಮೊದಲು ಐವತ್ತಕ್ಕಿಂತ ಹೆಚ್ಚು ಎಂದಿದ್ದ ಮಿತಿ 1976ರಲ್ಲಿ ಮೂವತ್ತಕ್ಕೆ ಇಳಿಯಿತು. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಶಿಶುಗೃಹಗಳಿಗೆ ಆಧಾರವಾದದ್ದು ಇದೇ ಕಾಯ್ದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ 1951ರ ತೋಟ ಕಾರ್ಮಿಕರ ಕಾಯ್ದೆ ಅನ್ವಯಿಸಿತು. ದಿಲ್ಲಿಯಲ್ಲಿ 1969ರಲ್ಲಿ ಮೀರಾ ಮಹಾದೇವನ್ ಕಟ್ಟಡ ಕಾರ್ಮಿಕರ ಮಕ್ಕಳು ಮಣ್ಣಿನ ನಡುವೆ ಬಿದ್ದಿರುವುದನ್ನು ಕಂಡು ಮೊಬೈಲ್ ಕ್ರೆಶಸ್ ಸಂಸ್ಥೆ ಕಟ್ಟಿದರು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾಯಿತು. ಆ ಪಟ್ಟಿಯಲ್ಲಿ ಕರ್ನಾಟಕದ ಹೆಸರು ಮೈಸೂರು ಜಿಲ್ಲೆಯ ಟಿ. ನರಸೀಪುರ.

ಈ ಯೋಜನೆಯಡಿ ನಡೆಯುವ ಅಂಗನವಾಡಿಯ ಟೀಚರ್ ಕೈಯಲ್ಲಿ ಮಾಂಟೆಸ್ಸೊರಿಯ ಪುಟ್ಟ ಮೇಜೂ ಇಲ್ಲ, ಹ್ಯಾಂಪ್‌ಸ್ಟೆಡ್‌ನ ನಾಲ್ಕೈದು ಮಕ್ಕಳ ಗುಂಪೂ ಇಲ್ಲ. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ತೂಕ ನೋಡುವುದು, ಪೌಷ್ಟಿಕ ಆಹಾರ ಹಂಚುವುದು, ರಿಜಿಸ್ಟರ್ ತುಂಬುವುದು ಅವರ ಪಾಲಿಗೇ. ಸಾಂಬಾರಿನ ಪಾತ್ರೆ ಇಳಿಸುವ ಹೊತ್ತಿಗೆ ಹಸಿದ ಎರಡು ಮಕ್ಕಳು ಒಂದು ಚೆಂಡಿಗೆ ಜಗ್ಗಾಡುತ್ತವೆ. ಟೀಚರ್ ಹಾಡು ತೆಗೆಯುತ್ತಾರೆ, ಎಲ್ಲರ ಕೈಯೂ ಚಪ್ಪಾಳೆಗೆ ಏಳುತ್ತದೆ, ಚೆಂಡು ನೆಲಕ್ಕೆ ಉರುಳುತ್ತದೆ. ವಿಲ್ಡರ್‌ಸ್ಪಿನ್ ಹೆಸರು ಕೇಳದವರಿಗೂ ಟೋಪಿಯ ಉಪಾಯ ಗೊತ್ತು.

ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿತು. ಆದರೆ ಆ ಕಾಯ್ದೆ ರೂಪುಗೊಂಡದ್ದು 6ರಿಂದ 14 ವರ್ಷದವರಿಗಾಗಿ. ಅತಿ ಹೆಚ್ಚು ಕೈ ಮಾಡುವ ವಯಸ್ಸು ಅದಕ್ಕಿಂತ ಕೆಳಗಿದೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶಿಶುಗೃಹ ಕಡ್ಡಾಯ ಮಾಡಿತು. ಅದರ ಬೆನ್ನಿಗೆ ಕೇಂದ್ರ ಸರ್ಕಾರ ಕೊಟ್ಟ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಅದಕ್ಕಿಂತ ದೊಡ್ಡ ಇಪ್ಪತ್ತು ಮಕ್ಕಳಿಗೆ ಒಬ್ಬರು.

ನಗರದ ಒಳ್ಳೆಯ ಡೇ ಕೇರ್‌ಗಳಲ್ಲಿ ಇಂದು ಕಚ್ಚಿದ ಪ್ರಸಂಗ ನಡೆದರೆ ಆಯಾ ಮೊದಲು ಹೋಗುವುದು ಕಚ್ಚಿಸಿಕೊಂಡ ಮಗುವಿನ ಹತ್ತಿರ. ಕಚ್ಚಿದ ಮಗುವಿನ ಎತ್ತರಕ್ಕೆ ಬಗ್ಗಿ ಚುಟುಕಾಗಿ ಹೇಳುತ್ತಾರೆ: ಕಚ್ಚಬಾರದು, ನೋವಾಗುತ್ತೆ. ಆಮೇಲೆ ಪುಸ್ತಕದಲ್ಲಿ ಹೊತ್ತು, ಜಾಗ, ಅದಕ್ಕೆ ಮುಂಚೆ ಏನಾಗಿತ್ತು ಎಂದು ಬರೆಯುತ್ತಾರೆ; ನಾಲ್ಕು ದಿನ ಒಂದೇ ಹೊತ್ತು ಕಂಡರೆ ಊಟವನ್ನೋ ನಿದ್ದೆಯನ್ನೋ ಅರ್ಧ ಗಂಟೆ ಮುಂಚೆಯೇ ಮಾಡಿಸುತ್ತಾರೆ. ಸಂಜೆ ಇನ್ನೊಂದು ಮಗುವಿನ ಪೋಷಕರು ಎಷ್ಟೇ ಕೇಳಿದರೂ ಕಚ್ಚಿದವರ ಹೆಸರು ಹೇಳುವುದಿಲ್ಲ. ಇವೆಲ್ಲ ನಡೆಯುವುದು ಆಯಾ ಒಬ್ಬರೇ ಇಡೀ ಕೋಣೆ ನೋಡಿಕೊಳ್ಳುತ್ತಿಲ್ಲವಾದರೆ ಮಾತ್ರ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ 2023ರಲ್ಲಿ ಪ್ರಕಟಿಸಿತು. ಆರೈಕೆಗೆ ಹಳ್ಳಿಯ ಮಹಿಳೆಯರನ್ನೇ ತರಬೇತಿ ಕೊಟ್ಟು ತೊಡಗಿಸುವುದು ಅದರ ಕ್ರಮ. ತರಬೇತಿ ಪಡೆದ ಅದೇ ಮಹಿಳೆ ಆರು ತಿಂಗಳ ಮೇಲೂ ಅದೇ ಕೂಸುಗಳ ಜೊತೆ ಇರುತ್ತಾಳೋ ಇಲ್ಲವೋ ಎಂಬುದು ಅವಳ ಕೈಗೆ ಸಿಗುವ ಕೂಲಿಯ ಮೇಲೆ, ಅದು ಹೊತ್ತಿಗೆ ಸರಿಯಾಗಿ ಬರುವುದರ ಮೇಲೆ ನಿಂತಿದೆ.